ಬಾಯಿಗೆ ನೀರು ತುಂಬದೆ ಒಡೆದ ನೋಟೀಸು

ನಮ್ಮೂರಿನಲ್ಲಿ ಸಮಿತಿಯ ನೋಟೀಸು ಬಂದರೆ ಮೊದಲು ಬಾಯಿಗೆ ನೀರು ತುಂಬಿಕೊಳ್ಳಬೇಕು, ಆಮೇಲೆ ಲಕೋಟೆ ಒಡೆಯಬೇಕು. ಇದು ಚಿಕ್ಕ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ಆ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಸಮಿತಿಯ ಗುಮಾಸ್ತ ಇನಾಯತ್ ಬಾಗಿಲಲ್ಲಿ ನಿಂತಾಗ ನನ್ನ ಕೈಯಲ್ಲಿ ಗಿಟಾರ್ ಇತ್ತು, ಚೊಂಬು ಅಡುಗೆಮನೆಯಲ್ಲಿತ್ತು, ಕೋಪ ಎಂದಿನಂತೆ ಮೂಗಿನ ತುದಿಯಲ್ಲಿತ್ತು.

ನಮ್ಮೂರು ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಇಲ್ಲಿ ಜೋರಾಗಿ ಮಾಡಿದ ಸದ್ದು ಒಂಬತ್ತು ದಿನ ಬಿಟ್ಟು ಅದೇ ಜಾಗದಲ್ಲಿ, ಅದೇ ಗಳಿಗೆಗೆ ಮತ್ತೊಮ್ಮೆ ಕೇಳುತ್ತದೆ. ಒಂದು ಸಲ ಮಾತ್ರ. ಮೆತ್ತಗಿನ ಮಾತು ಹೋದದ್ದು ಹೋಯಿತು. ಪಕ್ಕದ ಮನೆಗೆ ಕೇಳುವಷ್ಟು ಎತ್ತರದ್ದು ಮಾತ್ರ ಬರುತ್ತದೆ. ಇಲ್ಲೇ ಹುಟ್ಟಿದವರಿಗೆ ಇದೇನೂ ದೊಡ್ಡ ವಿಷಯವಲ್ಲ. ತರಕಾರಿಯವನು ಕೂಗುವುದಿಲ್ಲ, ಬಾಗಿಲ ಚಿಲಕ ಅಲ್ಲಾಡಿಸುತ್ತಾನೆ. ಸ್ಕೂಲಿನಲ್ಲಿ ಗಂಟೆ ಹೊಡೆಯುವುದಿಲ್ಲ, ಜವಾನ ಕೆಂಪು ಬಟ್ಟೆ ಬೀಸುತ್ತಾನೆ. ಕುಕ್ಕರ್ ಕೂಗಿದರೆ ಹೆಂಗಸರು ಇದು ಇವತ್ತಿನದೋ ಆವತ್ತಿನದೋ ಎಂದು ಬೆರಳು ಮಡಚುತ್ತಾರೆ. ಹೊರಗಿನಿಂದ ಮದುವೆಯಾಗಿ ಬಂದವರು ಮೊದಲ ಆರು ತಿಂಗಳು ಅರೆಬೆಂದ ಬೇಳೆಯನ್ನೇ ಬಡಿಸುತ್ತಾರೆ. ಮದುವೆಯ ಓಲಗ ಸೇತುವೆಯಾಚೆ, ಊರಿನ ಗಡಿ ದಾಟಿ. ಗುಡುಗಿದ ಒಂಬತ್ತು ದಿನಕ್ಕೆ ಒಣಬಿಸಿಲಲ್ಲಿ ಮತ್ತೆ ಗುಡುಗುತ್ತದೆ, ಯಾರೂ ಹಪ್ಪಳ ಎತ್ತಿಡುವುದಿಲ್ಲ.

ಸದ್ದಿನ ಸಮಿತಿಯವರ ಜಾಣತನ ಏನೆಂದರೆ, ನೋಟೀಸು ಕೊಟ್ಟ ಹೊತ್ತಿಗೆ ಸರಿಯಾಗಿ ಒಂಬತ್ತು ದಿನ ಬಿಟ್ಟು ತಪಾಸಣೆಗೆ ಬರುತ್ತಾರೆ. ಬಂದು ಕುರ್ಚಿ ಎಳೆದು ಕೂತು, ನೋಟೀಸು ಓದಿದಾಗ ನೀನು ಏನೆಂದೆ ಎಂಬುದನ್ನು ನಿನ್ನ ಮನೆಯಲ್ಲೇ, ನಿನ್ನ ಗಂಟಲಲ್ಲೇ ಕೇಳಿಸಿಕೊಂಡು ಹೋಗುತ್ತಾರೆ. ಬಾಯಿಗೆ ನೀರು ಅದಕ್ಕೇ.

ನಾನು ನೀರಿಲ್ಲದೆ ಒಡೆದೆ. ಓದಿದೆ. "ನಿಷೇಧವಿದ್ದರೂ ಮನೆಯೊಳಗೆ ಕರೆಂಟ್ ಗಿಟಾರ್ ಇಟ್ಟುಕೊಂಡು ನುಡಿಸುತ್ತಿರುವ ಬಗ್ಗೆ ದೂರು ಬಂದಿದೆ. ಮುಂದಿನ ವಾರದ ಶನಿವಾರ ಹನ್ನೊಂದು ಗಂಟೆಗೆ ಅಧ್ಯಕ್ಷರು ಖುದ್ದಾಗಿ ಬರುತ್ತಾರೆ. ದೂರು ನಿಜವಾದರೆ ಗಿಟಾರನ್ನೂ ಅದಕ್ಕೆ ಜೋಡಿಸಿದ ಪೆಟ್ಟಿಗೆಯನ್ನೂ ಸೇತುವೆಯಾಚೆ ಸಾಗಿಸತಕ್ಕದ್ದು." ಕೆಳಗೆ ಅಧ್ಯಕ್ಷೆ ಚೆನ್ನಾಜಮ್ಮನ ಸಹಿ. ನಾನು ಕೂಗಿದೆ. ಸುಗುಣ, ನನ್ನ ಹೆಂಡತಿ, ಒಳಗಿನಿಂದ ಓಡಿಬಂದು ಮೆತ್ತಗೆ ಒಂದು ಮಾತು ಕೇಳಿದಳು. ಅದಕ್ಕೆ ಉತ್ತರವಾಗಿ ಇನ್ನೂ ಜೋರಾಗಿ ಕೂಗಿದೆ. ಇನಾಯತ್ ಮಣಿಕಟ್ಟಿನ ಗಡಿಯಾರ ನೋಡಿಕೊಂಡ.

"ನಂಜಣ್ಣ, ನಾನೇನೂ ಕೇಳಿಸ್ಕಂಡಿಲ್ಲ. ಆದ್ರೆ ಗೋಡೆ ಕೇಳಿಸ್ಕಂತು ನೋಡು," ಅಂದ.

"ಹೋಗ್ಲಾ," ಅಂದೆ. ಈ ಸಲ ಮೆತ್ತಗೆ.

ಚೆನ್ನಾಜಮ್ಮನಿಗೂ ನನಗೂ ಇರುವ ಹಳೆಯದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ನಾನು ಮೋಟಾರು ಸುತ್ತುವವನು. ಓದಿದ್ದು ಊರ ಸ್ಕೂಲಿನಲ್ಲಿ ಏಳನೇ ಕ್ಲಾಸು. ಪಂಪಿನ ಮೋಟಾರು ಸುಟ್ಟರೆ ಹಳೇ ತಾಮ್ರದ ತಂತಿ ಬಿಚ್ಚಿ, ಸುತ್ತು ಎಣಿಸಿ, ಹೊಸದು ಸುತ್ತಿಕೊಡುತ್ತೇನೆ. ಗಿಟಾರೂ ಅದೇ ಕೆಲಸ: ಒಂದು ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ಸಣ್ಣ ತಾಮ್ರ, ಮೇಲೆ ಆರು ಉಕ್ಕಿನ ತಂತಿ. ನನ್ನ ಗಿಟಾರಿನ ಸುರುಳಿ ನಾನೇ ಸುತ್ತಿದ್ದು. ಅದರ ಸದ್ದು ಹಿಗ್ಗಿಸುವ ಆಂಪ್ ಕೂಡ ಹಳೇ ರೇಡಿಯೋಗಳ ವಾಲ್ವು ಕಿತ್ತು ನಾನೇ ಕಟ್ಟಿದ್ದು. ಅಂಗಡಿಯಲ್ಲಿ ಕೊಂಡವರು ಬೇಕಾದಷ್ಟು ಜನ ಇದ್ದಾರೆ, ಕಟ್ಟಿದವರನ್ನು ತೋರಿಸಿ ನೋಡೋಣ. ವಾಲ್ವು ಆಂಪಿನ ಗುಣವೇನೆಂದರೆ, ಜೋರಾಗಿ ಬಿಟ್ಟಾಗಲೇ ಅದರ ಗಂಟಲು ಬಿರಿಯುವುದು. ಆ ಬಿರಿದ ದನಿಯಲ್ಲೇ ರುಚಿ. ಮೆತ್ತಗೆ ಬಿಟ್ಟರೆ ಅದು ಸಪ್ಪೆ ಸಾರು.

ಇಪ್ಪತ್ತೆರಡು ವರ್ಷದ ಹಿಂದೆ ನಾನು ಆರ್ಕೆಸ್ಟ್ರಾದಲ್ಲಿದ್ದೆ. ಅಭ್ಯಾಸ ಸೇತುವೆಯಾಚೆಯ ಹಳೇ ಪಂಪ್‌ಹೌಸಿನಲ್ಲಿ. ಒಂದು ದಿನ ಅಲ್ಲಿ ಓಲಗದವರು ಬೀಡುಬಿಟ್ಟಿದ್ದರು. ಜಗಳ ಆಡಿ, ಸಿಟ್ಟಿನಲ್ಲಿ ಮನೆಗೆ ಬಂದು, ಆಗುವುದಾಗಲಿ ಎಂದು ಆಂಪ್ ಹಚ್ಚಿ ಒಂದು ಕುಣಿತದ ಮಟ್ಟು ನುಡಿಸಿದೆ. ನನ್ನದೇ ಮಟ್ಟು. ಅರ್ಧಕ್ಕೆ ಫ್ಯೂಸ್ ಹೋಯಿತು, ನಿಂತಿತು. ನಮ್ಮ ಮನೆಗೂ ಚೆನ್ನಾಜಮ್ಮನ ಮನೆಗೂ ಆಗ ಗೋಡೆ ಒಂದೇ. ನಾನು ಅವರನ್ನು ಅತ್ತೆ ಅನ್ನುತ್ತಿದ್ದೆ. ಅವರ ಮನೆಯಲ್ಲಿ ಉಂಡದ್ದಕ್ಕೆ ಲೆಕ್ಕವಿಲ್ಲ. ಒಂಬತ್ತು ದಿನ ಬಿಟ್ಟು ಆ ಮಟ್ಟು ಮರಳಿದಾಗ ಅವರ ಗಂಡ ಮರಿಸ್ವಾಮಯ್ಯನವರ ಹೆಣ ಜಗಲಿಯ ಮೇಲಿತ್ತು. ಹಿಂದಿನ ರಾತ್ರಿ ಎದೆನೋವು ಬಂದು ಹೋಗಿದ್ದರು. ಗೋಡೆಯೊಳಗಿಂದ ನನ್ನ ಗಿಟಾರು ಎದ್ದಿತು. ಅದನ್ನು ನಿಲ್ಲಿಸಲು ಯಾರಿಗೂ ಆಗುವುದಿಲ್ಲ, ನನಗೂ. ಹೆಣದ ಕಾಲ ಬಳಿ ಕೂತಿದ್ದ ಅವರ ಮೊಮ್ಮಗಳು, ಮೂರು ವರ್ಷದ ಕೂಸು, ಕಾಲ್ಗೆಜ್ಜೆ ಝಲ್ಲೆನ್ನಿಸುತ್ತಾ ಎದ್ದು ಕುಣಿಯಿತು.

ಅದಾದ ತಿಂಗಳಿಗೆ ಚೆನ್ನಾಜಮ್ಮ ಆ ಮನೆ ಬಿಟ್ಟು ಕೆರೆ ಬೀದಿಗೆ ಹೋದರು. ವರ್ಷದೊಳಗೆ ಸಮಿತಿಗೆ ಸೇರಿದರು. ಊರೊಳಗೆ ಕರೆಂಟ್ ಗಿಟಾರ್ ಕೂಡದು ಎಂಬ ಕಟ್ಟಳೆ ಬಂತು. ಇಡೀ ಊರಿನಲ್ಲಿ ಕರೆಂಟ್ ಗಿಟಾರ್ ಇದ್ದದ್ದು ನನ್ನೊಬ್ಬನದೇ.

ಇಪ್ಪತ್ತು ವರ್ಷ ಪಂಪ್‌ಹೌಸಿನಲ್ಲೇ ನುಡಿಸಿದೆ. ಅಲ್ಲಿ ಕರೆಂಟು ದಿನಕ್ಕೆ ಎರಡು ಗಂಟೆ, ಗೋಡೆಯಲ್ಲಿ ನೀರು. ಆಮೇಲೆ ನೋಟೀಸಿನಲ್ಲಿದ್ದ ಈ ಪೆಟ್ಟಿಗೆ ಬಂತು. ಊಟದ ಡಬ್ಬಿಯಷ್ಟಿದೆ. ಒಳಗೆ ವಾಲ್ವಿಲ್ಲ, ಸ್ಪೀಕರಿಲ್ಲ, ಬರೀ ಲೆಕ್ಕ. ಯಾವ ಆಂಪು, ಯಾವ ಸ್ಪೀಕರು, ಅದರ ಮುಂದೆ ಮೈಕು ನಡುವಿಗೋ ಅಂಚಿಗೋ, ಎಲ್ಲವನ್ನೂ ಆ ಲೆಕ್ಕವೇ ನಟಿಸುತ್ತದೆ. ಗಿಟಾರಿನ ವೈರು ಪೆಟ್ಟಿಗೆಗೆ, ಪೆಟ್ಟಿಗೆಯ ವೈರು ಕಂಪ್ಯೂಟರಿಗೆ, ಹೆಡ್‌ಫೋನು ಕಿವಿಗೆ. ಕಿವಿಯೊಳಗೆ ಊರೇ ನಡುಗುವ ಆಂಪು; ಕೋಣೆಯಲ್ಲಿ ತಂತಿಯ ಚಿಟಚಿಟ ಬಿಟ್ಟರೆ ಏನಿಲ್ಲ. ಗಾಳಿಗೆ ಬೀಳದ ಸದ್ದು ಮರಳುವುದೂ ಇಲ್ಲ. ಮೈಕಿನ ಗೊಡವೆಯೂ ಇಲ್ಲ. ನಮ್ಮೂರಿನಲ್ಲಿ ಮನೆಯೊಳಗೆ ಮೈಕಿಟ್ಟು ರೆಕಾರ್ಡ್ ಮಾಡಿದವರ ಪಾಡು ನೋಡಿದ್ದೇನೆ, ಭಾವಗೀತೆಯ ನಡುವೆ ಹಳೇ ಕುಕ್ಕರು.

ಆದರೆ ಪೆಟ್ಟಿಗೆಯ ಜೊತೆ ಕೊಟ್ಟಿದ್ದ ಆಂಪುಗಳು ನನಗೆ ಒಂದೂ ಹಿಡಿಸಲಿಲ್ಲ. ಎಲ್ಲಕ್ಕೂ ಪೌಡರ್ ಬಳಿದಂತಿತ್ತು. ನನ್ನ ಆಂಪಿನ ದನಿಯೇ ಬೇಕಿತ್ತು. ಪೆಟ್ಟಿಗೆಯನ್ನು ಪಂಪ್‌ಹೌಸಿಗೆ ಹೊತ್ತೊಯ್ದೆ. ಅದಕ್ಕೆ ಒಂದು ವಿದ್ಯೆ ಬರುತ್ತದೆ: ಅಸಲಿ ಆಂಪಿನೊಳಕ್ಕೆ ತನ್ನ ಸಿಳ್ಳೆ, ಗೊರಗೊರ ಎಲ್ಲ ಬಿಟ್ಟು, ಅದು ಹೇಗೆ ತಿರುಗಿಸಿ ಹೇಳುತ್ತದೆಂದು ಮೈಕಿನಲ್ಲಿ ಕೇಳಿಸಿಕೊಂಡು, ಅದರ ಗಂಟಲನ್ನು ಕಲಿತುಬಿಡುತ್ತದೆ. ಮೂರು ತಿಂಗಳು ಹಿಡಿಯಿತು. ಮೈಕು ಒಂದು ಬೆರಳು ಸರಿದರೆ ದನಿ ಬೇರೆ, ಗೋಡೆ ತೇವವಾದರೆ ಬೇರೆ. ಕೊನೆಗೊಂದು ದಿನ ಸುಗುಣಳನ್ನು ಅಲ್ಲಿಗೆ ಕರೆದೊಯ್ದು ಕಣ್ಣು ಮುಚ್ಚಿಸಿ ಎರಡನ್ನೂ ಕೇಳಿಸಿದೆ. ಪೆಟ್ಟಿಗೆಯದನ್ನು ಆಂಪು ಅಂದಳು, ಆಂಪಿನದನ್ನು ಪೆಟ್ಟಿಗೆ ಅಂದಳು. ಆವತ್ತು ಸೇತುವೆಯ ಮೇಲೆ ನಾನು ನಡೆದುಬಂದ ನಡಿಗೆ ನೀವು ನೋಡಬೇಕಿತ್ತು.

ಈಗ ಪೇಟೆಯ ಸ್ಟುಡಿಯೋದವರು ಹಾಡು ಕಳಿಸುತ್ತಾರೆ, ನಾನು ಈ ಕೋಣೆಯಲ್ಲಿ ಕೂತು ಗಿಟಾರ್ ಸೇರಿಸಿ ವಾಪಸು ಕಳಿಸುತ್ತೇನೆ. ಹದಿನಾಲ್ಕು ಹಾಡಾಯಿತು. ಬಸ್ಸಿನಲ್ಲಿ ಕೇಳುವವರಿಗೆ ಗೊತ್ತಿಲ್ಲ ಅದು ಏಳನೇ ಕ್ಲಾಸಿನ ಮೋಟಾರು ಸುತ್ತುವವನದು ಎಂದು. ನನಗೆ ಗೊತ್ತು. ಪೆಟ್ಟಿಗೆ ಸೇತುವೆಯಾಚೆ ಹೋದರೆ ಆ ತೇವಕ್ಕೆ ಒಂದು ಮಳೆಗಾಲ ಉಳಿಯುವುದಿಲ್ಲ, ನನ್ನ ಕೆಲಸವೂ ಉಳಿಯುವುದಿಲ್ಲ.

ಇನಾಯತ್ ಹೋದ ಮೇಲೆ ಸುಗುಣ ಬೆರಳೆಣಿಸಿದಳು. "ಶನಿವಾರ ಹನ್ನೊಂದಕ್ಕೆ ಆಯಮ್ಮ ಇದೇ ಕುರ್ಚೀಲಿ ಕೂತಿರ್ತಾರೆ. ನೀವು ಆ ಬಾಗ್ಲಲ್ಲಿ ನಿಂತು ಬಯ್ಯಾದು ಕೇಳ್ತದೆ."

"ಬೈದಿದ್ದು ಬೈದೆ. ಅದ್ಕೆ ಹೆದರ್ತೀನಾ?"

"ಎರಡ್ನೇದಕ್ಕೆ?"

ನಿಜ, ಬೈಗುಳಕ್ಕೆ ನನಗೆ ಹೆದರಿಕೆ ಇರಲಿಲ್ಲ. ಸುಗುಣಳ ಪ್ರಶ್ನೆಗೆ ಉತ್ತರವಾಗಿ ಕೂಗಿದ್ದೆನಲ್ಲ, ಅದನ್ನು ಚೆನ್ನಾಜಮ್ಮ ಕೇಳುವುದಕ್ಕಿಂತ ಗಿಟಾರನ್ನು ಮುರಿದು ಒಲೆಗಿಡುವುದು ವಾಸಿ ಅನ್ನಿಸುತ್ತಿತ್ತು.

ಉಪಾಯ ಸುಗುಣಳದೇ. "ಪೆಟ್ಟಿಗೆ ಸದ್ದು ಮಾಡಲ್ಲ ಅಂತ ತೋರಿಸ್ಬೇಕು ತಾನೇ? ಹನ್ನೊಂದಕ್ಕೆ ಎರಡು ನಿಮಿಷ ಇರೋವಾಗ ಆಯಮ್ಮನ ಕಿವಿಗೆ ಹೆಡ್‌ಫೋನ್ ಹಾಕಿ. ಐದು ನಿಮಿಷ ಬಿಡದಂಗೆ ಬಾರ್ಸಿ. ಹೊರಗೆ ಏನಾದ್ರೂ ಕೂಕ್ಕೊಳ್ಳಿ."

"ಹೆಡ್‌ಫೋನ್ ಇರೋದೊಂದೇ. ನಾನ್ ಏನ್ ಕೇಳ್ಕಂಡು ಬಾರಿಸ್ಲಿ?"

"ಇಪ್ಪತ್ತೈದು ವರ್ಷದಿಂದ ಬಾರಿಸ್ತಾ ಇದೀನಿ ಅಂತ ಊರೆಲ್ಲ ಹೇಳ್ಕಂಡು ತಿರುಗ್ತೀರಲ್ಲ? ಕಿವಿ ಇಲ್ದೆ ಬಾರ್ಸಿ ತೋರಿಸಿ."

ಇಂಥ ಮಾತಿಗೆ ನಾನು ಹಿಂದೆ ಸರಿಯುವವನಲ್ಲ. ಎಂಟು ದಿನ ಹೆಡ್‌ಫೋನನ್ನು ಸುಗುಣಳ ತಲೆಗೆ ಹಾಕಿ ಕಿವುಡನ ಹಾಗೆ ಅಭ್ಯಾಸ ಮಾಡಿದೆ. ಒಂದು ಹೊಸ ಮಟ್ಟು ಆರಿಸಿದ್ದೆ, ನಿಧಾನದ್ದು, ಮರ್ಯಾದೆಯದ್ದು. ಕಿವಿಗೆ ಬರುವುದು ಚಿಟಚಿಟ ಮಾತ್ರ; ತಂತಿ ಎಷ್ಟು ಎಳೆದೆ, ದನಿ ಎಲ್ಲಿ ಬಿರಿಯಿತು ಎಂಬುದನ್ನು ಬೆರಳಿನ ನೋವಿನಲ್ಲೇ ತಿಳಿಯಬೇಕು. ಎಂಟನೆಯ ದಿನ ಸುಗುಣ ಹೆಡ್‌ಫೋನು ತೆಗೆದು, "ನೆಟ್ಟಗಿದೆ," ಅಂದಳು. ಅವಳ ಬಾಯಲ್ಲಿ ಅದು ಸನ್ಮಾನ.

ಶನಿವಾರ ಹತ್ತು ಮುಕ್ಕಾಲಿಗೆ ಚೆನ್ನಾಜಮ್ಮ ಬಂದರು. ಎಪ್ಪತ್ತೆರಡು ವರ್ಷ, ನೆಟ್ಟಗಿನ ಬೆನ್ನು, ಆಸ್ಪತ್ರೆಯಲ್ಲಿ ದಾದಿಯಾಗಿದ್ದಾಗಿನ ಅದೇ ಬಿಳಿ ಸೀರೆ. ಹಿಂದೆ ಇನಾಯತ್, ಗಡಿಯಾರ ನೋಡುತ್ತಾ. ನನ್ನ ಮನೆಯೊಳಗೆ ಅವರು ಕಾಲಿಟ್ಟದ್ದು ಇಪ್ಪತ್ತೆರಡು ವರ್ಷದಲ್ಲಿ ಅದೇ ಮೊದಲು. ಕೂರುವ ಮುಂಚೆ, ಒಂದು ಕಾಲಕ್ಕೆ ತಮ್ಮದಾಗಿದ್ದ ಗೋಡೆಯನ್ನು ಒಮ್ಮೆ ನೋಡಿದರು.

"ಇದಾ ಪೆಟ್ಟಿಗೆ? ಇದ್ರಲ್ಲಿ ಆ ದೆವ್ವ ಹಿಡ್ಸಿದಿಯಾ?"

"ಹಿಡ್ಸಿದೀನಿ. ಆದ್ರೆ ಆಚೆ ಬರಾಕಿಲ್ಲ."

"ನೋಡಾನ."

ನಾನು ಪೆಟ್ಟಿಗೆಯ ಬಗ್ಗೆ ಹೇಳಿದೆ. ಪಂಪ್‌ಹೌಸು, ಸಿಳ್ಳೆ, ಮೂರು ತಿಂಗಳು. ಅವರು ತಲೆಯಾಡಿಸಲಿಲ್ಲ, ಅಲ್ಲಗಳೆಯಲೂ ಇಲ್ಲ. ಹನ್ನೊಂದಕ್ಕೆ ಎರಡು ನಿಮಿಷ ಇದ್ದಾಗ ಸುಗುಣ ಮುಂದೆ ಬಂದು, "ಅಮ್ಮಾ, ಇದನ್ನ ಹಾಕ್ಕೊಂಡ್ರೇನೇ ಗೊತ್ತಾಗದು," ಎಂದು ಹೆಡ್‌ಫೋನನ್ನು ಅವರ ಬಿಳಿಗೂದಲ ಮೇಲೆ ಕೂರಿಸಿದಳು. ನಾನು ಶುರುಮಾಡಿದೆ. ಚಿಟಚಿಟ. ಚೆನ್ನಾಜಮ್ಮನ ಹುಬ್ಬು ಮೇಲೆ ಹೋಯಿತು. ಕೋಣೆಯನ್ನೊಮ್ಮೆ ನೋಡಿದರು, ಇಷ್ಟು ದೊಡ್ಡ ಸದ್ದಿಗೆ ಬೇರೆ ಯಾರೂ ಬೆಚ್ಚದೆ ಇರುವುದನ್ನು ನೋಡಿ ತಮ್ಮ ಹೆಡ್‌ಫೋನನ್ನು ಮುಟ್ಟಿಕೊಂಡರು. ನನಗೆ ಎದೆ ಉಬ್ಬಿತು.

ಆಗ ಬಾಗಿಲಿನಿಂದ ನನ್ನ ದನಿ ಬಂತು.

"ಈ ಚೆನ್ನಾಜಮ್ಮಂಗೆ ಬ್ಯಾರೆ ಕ್ಯಾಮೆ ಇಲ್ವಾ? ಮುದುಕಿ! ಊರಲ್ಲಿ ಒಂದ್ ತಂತಿ ಅಲ್ಲಾಡಂಗಿಲ್ಲ! ಸತ್ ಮ್ಯಾಲೂ ಆ ಕಿವೀನ ಕಿತ್ತು ಸಮಿತಿ ಬಾಗ್ಲಿಗೆ ನೇತು ಹಾಕಿ ಹೋಯ್ತಾಳೆ ಇವ್ಳು!"

ಇನಾಯತ್ ಸೂರಿನ ಕಡೆ ನೋಡಿದ. ಸುಗುಣ ಸೆರಗು ಬಾಯಿಗಿಟ್ಟುಕೊಂಡಳು. ನನ್ನ ಬೈಗುಳವನ್ನು ನಾನು ಹಿಂದೆಯೂ ಎಷ್ಟೋ ಸಲ ಕೇಳಿದ್ದೇನೆ. ಆದರೆ ಯಾರನ್ನು ಬೈದೆನೋ ಅವರು ಎರಡು ಮಾರು ದೂರದಲ್ಲಿ ಕೂತು, ನನ್ನ ಗಿಟಾರಿಗೆ ಕಣ್ಣು ಅರೆಮುಚ್ಚಿ ಕೇಳುತ್ತಿರುವಾಗ ಕೇಳಿದ್ದು ಅದೇ ಮೊದಲು. ಹೊಸ ಮಟ್ಟಿನಲ್ಲಿ ಎಲ್ಲಿದ್ದೆ ಎಂಬುದೇ ಮರೆತುಹೋಯಿತು. ಬೆರಳು ನಿಲ್ಲಬಾರದು, ನಿಂತರೆ ಅವರು ಹೆಡ್‌ಫೋನು ತೆಗೆಯುತ್ತಾರೆ. ಕಿವಿಯಿಲ್ಲದ ಬೆರಳು ತನಗೆ ಚೆನ್ನಾಗಿ ಗೊತ್ತಿದ್ದ ದಾರಿ ಹಿಡಿಯಿತು. ಯಾವ ದಾರಿ ಎಂದು ನನಗೆ ಗೊತ್ತಾದದ್ದು ಚೆನ್ನಾಜಮ್ಮನ ಮುಖ ನೋಡಿದಾಗ.

ಆ ಕುಣಿತದ ಮಟ್ಟು. ನನ್ನದೇ ಆಂಪಿನ ಅದೇ ಗಂಟಲಲ್ಲಿ.

ಅವರು ಹೆಡ್‌ಫೋನನ್ನು ಕಿತ್ತು ಮಡಿಲಲ್ಲಿಟ್ಟುಕೊಂಡರು. ಬಾಗಿಲಿನ ದನಿ ಆಗ ಸುಮ್ಮನಾಗಿತ್ತು. ಸುಗುಣ ಮೆತ್ತಗೆ ಕೇಳಿದ್ದ ಪ್ರಶ್ನೆಯ ಜಾಗ ಅದು. ಮೆತ್ತಗಿನದು ಮರಳುವುದಿಲ್ಲವಲ್ಲ, ಖಾಲಿ ಇತ್ತು. 'ಒಂದಿನಾನಾದ್ರೂ ಹೋಗಿ ತಪ್ಪಾಯ್ತು ಅಂದಿದ್ದೀರಾ?' ಎಂದು ಕೇಳಿದ್ದಳು. ಆಮೇಲೆ ನನ್ನ ದನಿ ಎದ್ದಿತು, ಮೊದಲಿನದಕ್ಕಿಂತ ಜೋರಾಗಿ.

"ಯಾವ್ ಮಖ ಇಟ್ಕಂಡ್ ಹೋಗ್ಲಿ? ಮೂರ್ ಸಲ ಕೆರೆ ಬೀದಿಗೆ ಹೋಗಿ ಅತ್ತೆ ಬಾಗ್ಲು ಮುಟ್ಟಿ ವಾಪಸ್ ಬಂದಿದೀನಿ! ಆಯಪ್ಪನ ಹೆಣದ್ ಮುಂದೆ ಆ ಮಗೀನ ಕುಣಿಸ್ದೋನು ನಾನು! ಆ ಗೆಜ್ಜೆ ಸದ್ದು ಒಂಬತ್ ದಿನಕ್ಕಲ್ಲ, ದಿನಾ ಬತ್ತದೆ ನಂಗೆ, ದಿನಾ!"

ಮುಗಿಯಿತು. ಕೋಣೆಯಲ್ಲಿ ತಂತಿಯ ಚಿಟಚಿಟವೂ ಇಲ್ಲ. ನಾನು ಗಿಟಾರಿನ ಮೇಲೆ ಕೈಯಿಟ್ಟು ನೆಲ ನೋಡಿದೆ. ಯಾವ ಕೋಪವೂ ನೆರವಿಗೆ ಬರಲಿಲ್ಲ.

ಚೆನ್ನಾಜಮ್ಮ ಮಡಿಲಲ್ಲಿದ್ದ ವೈರನ್ನು ನಿಧಾನಕ್ಕೆ ಸುತ್ತಿಟ್ಟು, "ಅದು ಒಂಬತ್ತು ದಿನ ಹಳೇದು," ಅಂದರು. "ಹೆಂಡ್ತಿಗೆ ಹೇಳಿದ್ದು. ನಂಗೆ ಹೇಳಿದ್ದಲ್ಲ."

"ಹೌದು."

"ಈಗ ಹೇಳು."

ನಾನು ಬಾಯಿ ತೆರೆದೆ. ಬಂದದ್ದು ಪಿಸುಮಾತು.

"ಮೆತ್ತಗೆ ಬ್ಯಾಡ ಕಣ್ಲಾ ನಂಜ. ಬಯ್ಯಾಕೆ ಅಷ್ಟು ಗಂಟಲು ಅದೆಯಲ್ಲ? ಜೋರಾಗೇಳು. ಒಂದ್ ಸಲ ಕೇಳಿದ್ರೆ ನಂಗೆ ಸಾಲ್ದು. ಇಪ್ಪತ್ತೆರಡು ವರ್ಷ ಕಾದಿದೀನಿ. ಒಂಬತ್ತು ದಿನ ಬಿಟ್ಟು ಬಂದು ಇನ್ನೊಂದ್ ಸಲ ಕೇಳ್ತೀನಿ."

ನಾನು ಎದ್ದು ನಿಂತೆ. ಗಿಟಾರಿನ ವೈರು ಕಳಚಿದೆ. ಬೀದಿಗೆಲ್ಲ ಕೇಳುವಂತೆ ಕೂಗಿದೆ: "ತಪ್ಪಾಯ್ತು ಅತ್ತೆ!" ನಡುವೆ ದನಿ ಬಿರಿಯಿತು. ಎದುರು ಮನೆಯ ಕಿಟಕಿ ತೆರೆದುಕೊಂಡಿತು. ತೆರೆದುಕೊಳ್ಳಲಿ.

ಚೆನ್ನಾಜಮ್ಮ ಇನಾಯತನ ಕಡೆ ತಿರುಗಿ, "ಹೊತ್ತು ಬರ್ಕೊ," ಅಂದರು.

"ಹನ್ನೊಂದು ಗಂಟೆ ಏಳು ನಿಮಿಷ, ಅಮ್ಮಾ."

"ಇದನ್ನೂ ಬರ್ಕೊ. ಪೆಟ್ಟಿಗೆ ಸದ್ದು ಮಾಡಲ್ಲ. ಸದ್ದು ಮಾಡೋನು ಇವ್ನು. ಪೆಟ್ಟಿಗೆ ಮನೇಲಿರ್ಲಿ." ಎದ್ದು ಬಾಗಿಲ ತನಕ ಹೋದವರು ನಿಂತು, ತಿರುಗದೆ ಕೇಳಿದರು. "ಆ ಮಟ್ಟು ಆವತ್ತು ಅರ್ಧಕ್ಕೆ ನಿಂತಿತ್ತು. ಮುಂದಕ್ಕೆ ಅದೆಯಾ?"

"ಅದೆ."

"ಹೂಂ," ಅಂದು ಹೋದರು.

ಆ ಒಂಬತ್ತು ದಿನದಲ್ಲಿ ಮಟ್ಟನ್ನು ಪೂರ್ತಿ ರೆಕಾರ್ಡ್ ಮಾಡಿದೆ. ಮೊದಲರ್ಧ ಇಪ್ಪತ್ತೆರಡು ವರ್ಷದ ಹಿಂದೆ ನುಡಿಸಿದಂತೆಯೇ, ತಪ್ಪುಗಳ ಸಮೇತ. ಫ್ಯೂಸ್ ಹೋದ ಜಾಗದಿಂದ ಮುಂದಿನದು ಮಾತ್ರ ಕೈಗೆ ಬರಲು ಸತಾಯಿಸಿತು. ನಲವತ್ತು ಸಲ ನುಡಿಸಿ ಅಳಿಸಿದೆ. ನಲವತ್ತೊಂದನೆಯದನ್ನು ಇಟ್ಟುಕೊಂಡೆ. ಆ ನಲವತ್ತು ಸಲದಲ್ಲಿ ಒಂದು ಸಲವೂ ನಾನು ಕೂಗಲಿಲ್ಲ. ನಂಬದಿದ್ದರೆ ಸುಗುಣಳನ್ನು ಕೇಳಿ.

ಸೋಮವಾರ ಹನ್ನೊಂದಕ್ಕೆ ಚೆನ್ನಾಜಮ್ಮ ಬಂದರು. ಸಮಿತಿಯ ಕಡತ ಇರಲಿಲ್ಲ, ಇನಾಯತ್ ಇರಲಿಲ್ಲ. ಜೊತೆಯಲ್ಲಿ ಇಪ್ಪತ್ತೈದರ ಒಬ್ಬ ಹೆಣ್ಣುಮಗಳು. "ನನ್ನ ಮೊಮ್ಮಗಳು, ಹೇಮಾವತಿ. ಆವತ್ತು ಕುಣಿದೋಳು ಇವ್ಳೇಯ," ಅಂದರು. ಆ ಹುಡುಗಿ ಕೈ ಮುಗಿದಳು. ನನಗೆ ಕೈ ಎತ್ತಲು ಸ್ವಲ್ಪ ಹೊತ್ತು ಹಿಡಿಯಿತು. ಸುಗುಣ ಕಾಫಿ ತಂದಳು. ಹನ್ನೊಂದು ಗಂಟೆ ಏಳು ನಿಮಿಷಕ್ಕೆ ಲೋಟಗಳು ತಾವಾಗಿ ಕೆಳಗಿಳಿದವು.

"ತಪ್ಪಾಯ್ತು ಅತ್ತೆ!" ಎಂದು ನಾನು ನಿಂತಿದ್ದ ಜಾಗದಿಂದ ನನ್ನ ದನಿ ಕೂಗಿತು. ನಡುವೆ ಬಿರಿಯಿತು, ಚೆನ್ನಾಗಿ ಕಾದ ವಾಲ್ವು ಬಿರಿದ ಹಾಗೆ. ಈ ಕೋಣೆಯಲ್ಲಿ ನಾನು ಎಷ್ಟೋ ದನಿ ರೆಕಾರ್ಡ್ ಮಾಡಿದ್ದೇನೆ, ಅಳಿಸಿದ್ದೇನೆ. ಪೆಟ್ಟಿಗೆಯಿಲ್ಲದೆ, ವೈರಿಲ್ಲದೆ, ಒಂದೇ ಏಟಿಗೆ ಸರಿಯಾಗಿ ಬಂದದ್ದು ಇದೊಂದೇ. ನಾಚಿಕೆ ಆಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ.

ಚೆನ್ನಾಜಮ್ಮ ಕಣ್ಣು ಮುಚ್ಚಿ ಪೂರ್ತಿ ಕೇಳಿ, ಸೆರಗಿನಲ್ಲಿ ಮುಖ ಒರೆಸಿಕೊಂಡು, ಕೈ ಚಾಚಿದರು. "ಅದನ್ನ ಕೊಡು. ಮಿಕ್ಕಿದ್ದು ಕೇಳಾನ."

ಹೆಡ್‌ಫೋನನ್ನು ಮೊದಲು ತಾವು ಕಿವಿಗೆ ಹಿಡಿದರು. ಆಮೇಲೆ ಅದರ ಒಂದು ಬಟ್ಟಲನ್ನು ತಿರುಗಿಸಿ, ಮೊಮ್ಮಗಳನ್ನು ಹತ್ತಿರಕ್ಕೆಳೆದು ಅವಳ ಕಿವಿಗೂ ಒತ್ತಿದರು. ಕೋಣೆಯಲ್ಲಿ ಏನೂ ಕೇಳುತ್ತಿರಲಿಲ್ಲ. ನಾನು ಅವರ ಮುಖವನ್ನು ನೋಡುತ್ತಾ ಮಟ್ಟು ಎಲ್ಲಿಗೆ ಬಂತೆಂದು ಎಣಿಸಿಕೊಳ್ಳುತ್ತಿದ್ದೆ. ಫ್ಯೂಸ್ ಹೋದ ಜಾಗ ಬಂತು, ದಾಟಿತು. ಕುರ್ಚಿಯ ಕೆಳಗೆ ಹೇಮಾವತಿಯ ಕಾಲು ತಾಳ ಹಾಕತೊಡಗಿತು. ಅವಳು ಗಾಬರಿಯಾಗಿ ಅಜ್ಜಿಯ ಮುಖ ನೋಡಿ ಕಾಲು ನಿಲ್ಲಿಸಿದಳು. ಚೆನ್ನಾಜಮ್ಮ ಕಣ್ಣು ತೆರೆಯದೆ, ಅವಳ ಮೊಣಕಾಲ ಮೇಲೆ ತಮ್ಮ ಕೈಯಿಟ್ಟು, ತಾಳವನ್ನು ಬಿಟ್ಟಲ್ಲಿಂದ ಮುಂದಕ್ಕೆ ತಟ್ಟಿದರು.